ಕೆಳಗಿಳಿದ ನಾಲಿಗೆ

ಒಂದಾನೊಂದು ಎಳೆಯ ಮುಖದಲ್ಲಿ ಮೂಗಿಗೆ ನೆಗಡಿಯಾಯಿತು. "ಪಾಪ, ನೀನು ಮಲಗು ಮೂಗಣ್ಣ. ಉಸಿರಿನ ಕೆಲಸ ನಾನು ನೋಡಿಕೊಳ್ಳುತ್ತೇನೆ" ಎಂದು ಬಾಯಿ ತನ್ನ ಬಾಗಿಲನ್ನು ಹಾರುಹೊಡೆಯಿತು. ಅಂಗುಳಕ್ಕೆ ಬೆನ್ನುಕೊಟ್ಟು ನಿಂತಿದ್ದ ನಾಲಿಗೆಗೆ, "ಗಾಳಿಗೆ ಅಡ್ಡ ನಿಲ್ಲಬೇಡ, ನೀನೂ ಕೆಳಗೆ ಬಿದ್ದುಕೋ" ಎಂದಿತು.

ನಾಲಿಗೆಗೆ ಹಿಗ್ಗೋ ಹಿಗ್ಗು. ಎಲುಬೇ ಇಲ್ಲದ ತನಗೆ ಚಾವಣಿ ಹೊರುವ ಕೆಲಸವನ್ನು ಯಾವ ಪುಣ್ಯಾತ್ಮ ಕೊಟ್ಟಿದ್ದನೋ! ಇಲ್ಲದ ಕಾಲು ಚಾಚಿ ಮಲಗಿಬಿಟ್ಟಿತು.

ನೆಗಡಿ ಹೋಯಿತು, ಬಾಗಿಲು ಮಾತ್ರ ಮುಚ್ಚಲಿಲ್ಲ. "ಅಭ್ಯಾಸವಾಗಿಬಿಟ್ಟಿದೆ, ಇರಲಿ ಬಿಡು" ಎಂದಿತು ಬಾಯಿ. ಸೋಸುವವರಿಲ್ಲದೆ ಧೂಳೆಲ್ಲ ನೇರ ಗಂಟಲಿಗಿಳಿಯಿತು. ವರ್ಷಗಳು ಕಳೆದವು. ಕೆಳಗಿನಿಂದ ಒತ್ತಿ ಅಗಲವಾಗಿ ಹಿಡಿಯುವವರಿಲ್ಲದ ಅಂಗುಳ ಇಕ್ಕಟ್ಟಾಯಿತು, ಮುಖ ಪಡವಲಕಾಯಿಯಂತೆ ಉದ್ದಕ್ಕಿಳಿಯಿತು, ಹಲ್ಲುಗಳು ಸಂತೆ ದಿನದ ಬಸ್ಸಿನಲ್ಲಿದ್ದವರಂತೆ ಒಂದರ ಮೇಲೊಂದು ಬಿದ್ದವು.

ಗಾಬರಿಗೊಂಡ ನಾಲಿಗೆ ಹಳೆಯ ಜಾಗಕ್ಕೆ ಹೋಗಲು ಎದ್ದರೆ, ತಲೆ ತೂರಿಸಲೂ ಎಡೆಯಿಲ್ಲ. "ಸ್ವಲ್ಪ ಸರ್ಕೊಳ್ರಪ್ಪಾ!" ಎಂದು ಹಲ್ಲುಗಳನ್ನು ಬೇಡಿತು.

ತುಟಿಯಾಚೆ ಫುಟ್‌ಬೋರ್ಡಿನಲ್ಲಿದ್ದಂತೆ ಜೋತುಬಿದ್ದಿದ್ದ ಮುಂದಿನ ಹಲ್ಲು ತಿರುಗಿ ಹೇಳಿತು: "ನೀನು ನಿಂತಿದ್ದಾಗ ನಾವೆಲ್ಲ ಕೂತಿದ್ದೆವು ಮಾರಾಯ. ನೀನು ಮಲಗಿದೆ, ನಾವು ನೇತಾಡುತ್ತಿದ್ದೇವೆ."