ತೂಬಿನ ಬಿರಡೆ ಕಿತ್ತವನು

ಇಸವಿ ಗಿಸವಿ ಕೇಳಬೇಡಿ, ನನಗೂ ಗೊತ್ತಿಲ್ಲ. ಬಹಳ ಹಿಂದೆ ಬಿಳಿಗೋಡಿ ಎಂಬ ಒಂದು ಊರು. ಆ ಊರಿನಲ್ಲಿ ಗಿಡ್ಡೀರ ಎಂಬ ನೀರುಗಂಟಿ. ಮುಳುಗಿ ಕೆರೆಯ ತಳದ ತೂಬು ತೆಗೆದು, ಮುಚ್ಚಿ, ಗದ್ದೆಗದ್ದೆಗೂ ನೀರು ಹಂಚುವುದು ಅವನ ಕೆಲಸ. ಅವನು ಒಮ್ಮೆ ಮುಳುಗಿದರೆ, ದಡದಲ್ಲಿ ಕೂತವರು ಎಲೆಅಡಿಕೆ ಮಡಿಚಿ, ಜಗಿದು, ಉಗಿಯುವವರೆಗೂ ಮೇಲೆ ಬರುತ್ತಿರಲಿಲ್ಲವಂತೆ. ಮೀನುಗಳು ಅವನಿಗೆ ದಾರಿ ಬಿಡುತ್ತಿದ್ದವಂತೆ.

ಆ ಊರಿನವರು ಮೂಲದಲ್ಲಿ ಅಲ್ಲಿಯವರಲ್ಲ. ಹೊಳೆಗಳಾಚೆ, ತಿಂಗಳುಗಟ್ಟಲೆ ದಾರಿಯ ರಾಜಧಾನಿಯಿಂದ ಚಕ್ರವರ್ತಿಯೊಬ್ಬ ಅವರ ಹಿರಿಯರನ್ನು ಆ ಮುಳ್ಳುಕಾಡಿಗೆ ಕಳಿಸಿದ್ದ. ಕಾಡು ಕಡಿಯಿರಿ, ಕೆರೆ ಕಟ್ಟಿರಿ, ಕಟ್ಟಿದ್ದು ನಿಮ್ಮದೇ ಎಂದಿದ್ದನಂತೆ. ಕಡಿದರು. ಕಟ್ಟಿದರು. ಏರಿಗೆ ಮಣ್ಣು ಹೊತ್ತ ಹೆಂಗಸರ ನೆತ್ತಿಯಲ್ಲಿ ಕೂದಲು ಉಳಿಯಲಿಲ್ಲವಂತೆ. ಆದರೂ ಚಕ್ರವರ್ತಿಯೆಂದರೆ ಅವರಿಗೆ ಭಕ್ತಿ. ಕುಯ್ದು ಕಟ್ಟಿದ ಭತ್ತದ ಮೊದಲ ಸಿವುಡು ಅವನ ಹೆಸರಿಗೇ.

ಅವರದೊಂದು ಕಟ್ಟಳೆಯಿತ್ತು. ತೂಬು ತೆಗೆಯುವ ಮುಂಚೆ ಎಲ್ಲರೂ ಏರಿಯ ಮೇಲೆ ಸೇರಬೇಕು. ನೀರು ಯಾರಿಗೆ ಕಡೆಗೆ ಮುಟ್ಟುತ್ತದೋ ಅವನು ಮೊದಲು ಮಾತಾಡಬೇಕು. ಅವನು ಹೂಂ ಅನ್ನದೆ ಗಿಡ್ಡೀರ ನೀರಿಗಿಳಿಯುತ್ತಿರಲಿಲ್ಲ.

ಹೀಗಿರಲು ಆ ಚಕ್ರವರ್ತಿಯ ಮೊಮ್ಮಗ ಪಟ್ಟಕ್ಕೆ ಬಂದ. ಎಲ್ಲೋ, ಯಾರ ಮೇಲೋ ಯುದ್ಧ ಮಾಡಿದ. ಬೊಕ್ಕಸ ಬರಿದಾಯಿತು. ಬಿಳಿಗೋಡಿಗೆ ಒಬ್ಬ ಅಧಿಕಾರಿ ಬಂದ, ಹಿಂದೆ ಈಟಿ ಹಿಡಿದ ಆಳುಗಳು. ಕೆರೆಯ ನೀರಿಗೆ ತೆರಿಗೆ ಎಂದ. ಒಲೆಗೆ ತೆರಿಗೆ ಎಂದ. ಎತ್ತಿನ ಕೊರಳ ಗಂಟೆಗೂ ತೆರಿಗೆ ಎಂದನಂತೆ. ಯಾತಕ್ಕೆ ಸ್ವಾಮಿ ಎಂದರೆ, ನಿಮ್ಮನ್ನು ಕಾಯುವುದಕ್ಕೆ ಎಂದ.

“ಯಾರಿಂದ ಕಾಯ್ತೀರಿ? ಇಲ್ಲಿಗೆ ಬರೋದು ಕಾಡುಹಂದಿ. ಅದನ್ನ ನಾವೇ ಓಡಿಸ್ಕೋತೀವಿ,” ಎಂದಳಂತೆ ಒಬ್ಬ ಮುದುಕಿ. ಊರು ನಕ್ಕಿತು. ಅಧಿಕಾರಿ ನಗಲಿಲ್ಲ.

ಆಗಲೂ ಜನ, ಪಾಪ ಚಕ್ರವರ್ತಿಗೆ ಇದು ಗೊತ್ತಿರಲಾರದು ಎಂದುಕೊಂಡರು. ಯಾರಾದರೂ ಹೋಗಿ ಹೇಳಬೇಕು. ಅಲ್ಲೇ ಅವರು ತಪ್ಪಿದ್ದು. ಮಾತುಬಲ್ಲವರನ್ನು ಕಳಿಸಲಿಲ್ಲ. ತಮ್ಮ ಕಟ್ಟಳೆಯಂತೆ ಕಟ್ಟಕಡೆಯ ಗದ್ದೆಯ ಜವರನನ್ನು ಕಳಿಸಿದರು. ಕಡೆಯವನ ಮಾತನ್ನು ಎಲ್ಲಿಯಾದರೂ ಮೊದಲು ಕೇಳುತ್ತಾರೆ ಎಂಬುದು ಅವರ ನಂಬಿಕೆ.

ಅರಮನೆಯ ಬಾಗಿಲಲ್ಲಿ ಜವರ ಅದನ್ನೇ ಹೇಳಿದನಂತೆ, ನಾನು ಕಡೆಯವನು ಅಂತ. ಹಾಗಾದರೆ ಕಡೆಗೆ ನಿಲ್ಲು ಎಂದರು. ನಿಂತ. ಬೇಸಿಗೆ ಕಳೆದು ಮಳೆ ಹಿಡಿಯಿತು. ಹಿಂದೆ ಬಂದವರೆಲ್ಲ ಅವನನ್ನು ದಾಟಿ ಒಳಗೆ ಹೋದರು. ಅವನು ನಿಂತೇ ಇದ್ದ.

ಮರಳಿ ಬಂದಾಗ ಊರೆಲ್ಲ ಮುತ್ತಿಕೊಂಡಿತು. ಚಕ್ರವರ್ತಿ ಏನಂದ್ರು, ಜವರಣ್ಣ?

“ಅವರ ಮುಖ ಕಾಣಲಿಲ್ಲ ಕಣ್ರಪ್ಪಾ. ಬಿಳಿಗೋಡಿ ಎಲ್ಲಿದೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ತೆರಿಗೆ ಮಾತ್ರ ಎಲ್ಲರಿಗೂ ಗೊತ್ತು.”

ಆ ಮಾತಿಗೆ ಊರಿನ ಭಕ್ತಿ ಸತ್ತಿತು ಅಂತಾರೆ. ಚಕ್ರವರ್ತಿಗೆಂದು ಎತ್ತಿಟ್ಟಿದ್ದ ಸಿವುಡನ್ನು ಎಮ್ಮೆಯ ಮುಂದೆ ಎಸೆದರಂತೆ.

ಅಧಿಕಾರಿ ಹೊಂಚು ಹಾಕಿ ಕಾದ. ಭತ್ತ ಹಾಲುಗಟ್ಟುವ ಹೊತ್ತಿಗೆ ತೂಬಿಗೆ ಕಾವಲು ಹಾಕಿದ. ತೆರಿಗೆ ಕೊಟ್ಟವರ ಗದ್ದೆಗೆ ಮಾತ್ರ ನೀರು ಎಂದ. ತೂಬಿನ ಬಳಿಯ ಗದ್ದೆಯವರು ಅನುಕೂಲಸ್ಥರು, ಕೊಟ್ಟೇ ಕೊಡುತ್ತಾರೆ, ಆಮೇಲೆ ಊರು ತಾನಾಗಿ ಒಡೆಯುತ್ತದೆ ಎಂಬುದು ಅವನ ಲೆಕ್ಕ. ಅಂಥ ನೀಚ ಲೆಕ್ಕ ದೂರದಿಂದ ಆಳುವವರಿಗೆ ಚೆನ್ನಾಗಿ ಬರುತ್ತದೆ. ಜವರನ ಗದ್ದೆ ಆಗಲೇ ಬಿರುಕು ಬಿಟ್ಟಿತ್ತು.

ಊರು ಏರಿಯ ಮೇಲೆ ಸೇರಿತು. ಗಿಡ್ಡೀರ ಅಧಿಕಾರಿಯ ಕಡೆ ತಿರುಗಲೂ ಇಲ್ಲವಂತೆ. ಜವರನನ್ನು ಕೇಳಿದ.

“ನನ್ನ ಪೈರು ಒಣಗಿದ್ರೆ ಒಣಗಲಿ,” ಎಂದ ಜವರ. “ಯಾರೂ ಕೊಡಬೇಡಿ. ಇವತ್ತು ಒಬ್ಬ ಕೊಟ್ರೂ ನಾಳೆಯಿಂದ ಈ ಕೆರೆ ನಮ್ಮದಲ್ಲ. ತೂಬಿಗೆ ನಂದು ಹೂಂ.”

ತೂಬಿನ ಬಳಿಯ ದೊಡ್ಡ ಗದ್ದೆಯ ಯಜಮಾನನ ಸೊಂಟದಲ್ಲಿ ತೆರಿಗೆಯ ಗಂಟು ಸಿದ್ಧವಾಗಿತ್ತು ಅಂತಾರೆ. ಅವನು ಅದನ್ನು ಬಿಚ್ಚಲಿಲ್ಲ.

“ಲೇ ನೀರುಗಂಟಿ, ಇದು ಯಾರ ಆಜ್ಞೆ ಗೊತ್ತೇನೋ?” ಎಂದು ಅಧಿಕಾರಿ ಗುಡುಗಿದ.

“ಅವರನ್ನ ನಾನು ಕಂಡಿಲ್ಲ ಬುದ್ಧೀ. ಕೆರೆ ಕಂಡಿದ್ದೀನಿ,” ಎಂದು ಗಿಡ್ಡೀರ ನೀರಿಗೆ ಹಾರಿದ.

ತಳದಲ್ಲಿ ಕಲ್ಲುತೂಬಿನ ಬಾಯಿಗೆ ಮರದ ಬಿರಡೆ. ಅದನ್ನು ಕಿತ್ತ. ನೀರು ಕಾಲುವೆಗೆ ನುಗ್ಗಿತು. ಆಳುಗಳು ಕೆರೆಯೊಳಕ್ಕೆ ಈಟಿ ಎಸೆದರು. ಇತ್ತ ಅನುಕೂಲಸ್ಥರು ಓಡಿ ತಮ್ಮ ತಮ್ಮ ಗದ್ದೆಯ ಬಾಯಿಗೆ ತಾವೇ ಮಣ್ಣು ಹಾಕಿದರು. ಮಣ್ಣು ನಿಲ್ಲದ ಕಡೆ ತಾವೇ ಅಡ್ಡ ಕೂತರು. ನೀರು ಯಾರ ಗದ್ದೆಗೂ ಹೊರಳದೆ ನೇರ ಜವರನ ಗದ್ದೆಗೆ ಹೋಯಿತು. ಆಮೇಲೆ ಉಳಿದವರಿಗೆ. ತಡೆಯಲು ಹೋದ ಆಳುಗಳ ಈಟಿಗಳಿಗಿಂತ ಊರಿನ ಗುದ್ದಲಿಗಳು ಹೆಚ್ಚಿದ್ದವು. ಅಧಿಕಾರಿ ಕುದುರೆಯನ್ನೂ ಬಿಟ್ಟು ಓಡಿದನಂತೆ.

ಏರಿಯ ಮೇಲೆ ನಿಂತವರು ಉಸಿರು ಹಿಡಿದು ಕಾದರು. ಗಿಡ್ಡೀರ ಮೇಲೆ ಬರಲಿಲ್ಲ. ಕೆರೆ ಬತ್ತಿದ ಮೇಲೆ ಹುಡುಕಿದರು. ಅಲ್ಲೂ ಇರಲಿಲ್ಲವಂತೆ.

ಮುಂದಿನ ವರ್ಷ ಸೈನ್ಯ ಬಂತು. ಅಷ್ಟರಲ್ಲಿ ದಾರಿಯುದ್ದದ ಊರುಗಳಿಗೆಲ್ಲ ಸುದ್ದಿ ಮುಟ್ಟಿತ್ತು. ಸೈನ್ಯ ಕಂಡ ಕೂಡಲೇ ಒಂದೊಂದು ಊರೂ ತನ್ನ ಕೆರೆಯ ಬಿರಡೆ ಕಿತ್ತಿತು. ಕುದುರೆಗಳು ಹೊಟ್ಟೆಮಟ್ಟ ಕೆಸರಿನಲ್ಲಿ ಹೂತುಹೋದವಂತೆ. ಆಮೇಲೆ ಆ ರಾಜಧಾನಿಯಿಂದ ಯಾರೂ ಬರಲಿಲ್ಲ.

ಈಗ ಬಿಳಿಗೋಡಿಯ ತೂಬಿಗೆ ಕಬ್ಬಿಣದ ಗೇಟು. ಮೇಲೆ ನಿಂತು ಚಕ್ರ ತಿರುಗಿಸಿದರೆ ಸಾಕು. ಆದರೂ ತೂಬು ತೆಗೆಯುವ ದಿನ ನೀರುಗಂಟಿ ಒಮ್ಮೆ ಕೆರೆಯಲ್ಲಿ ಮುಳುಗುತ್ತಾನೆ. ಅವನು ಮೇಲೆ ಬರುವವರೆಗೆ ಏರಿಯ ಮೇಲಿದ್ದವರೆಲ್ಲ ಉಸಿರು ಹಿಡಿಯಬೇಕು. ಬಸುರಿಯರಿಗೆ, ಕೂಸುಗಳಿಗೆ ವಿನಾಯಿತಿ. ಮೇಲಿನಿಂದ ಬಂದ ಸಾಹೇಬರಿಗೆ ಇಲ್ಲ. ಯಾರಾದರೂ ಮಾತಾಡುತ್ತ ನಿಂತರೆ ಮುದುಕಿಯರು ತೋಳು ಹಿಡಿದು ಅಲುಗಿಸುತ್ತಾರೆ:

“ಉಸಿರು ಹಿಡೀರಿ ಸ್ವಾಮಿ. ಅವನಿನ್ನೂ ಕೆಳಗವ್ನೆ.”