ನೀರು ಮುಟ್ಟದ ಹಗ್ಗ

“ಗುರುಗಳೇ, ಉತ್ತರವೇ ಇಲ್ಲದ ಲೆಕ್ಕವನ್ನು ಯಾಕೆ ಕೊಟ್ಟಿರಿ?” ಎಂದು ಬಸವಂತ ಕೇಳಿದ.

ಕೇಳುವಷ್ಟರಲ್ಲಿ ಅವನು ಸೋತುಹೋಗಿದ್ದ. ಒಂದು ಸಂಖ್ಯೆಯ ವರ್ಗದಿಂದ ಅದರ ನಾಲ್ಕರಷ್ಟನ್ನು ಕಳೆದು ಐದು ಕೂಡಿಸಿದರೆ ಸೊನ್ನೆ ಬರಬೇಕು. ಆ ಸಂಖ್ಯೆ ಯಾವುದು? ಐದರ ಬದಲು ಮೂರು ಕೂಡಿಸುವ ಲೆಕ್ಕಕ್ಕೆ ಎರಡು ಉತ್ತರ ಸಿಕ್ಕಿದ್ದವು. ನಾಲ್ಕು ಕೂಡಿಸುವುದಕ್ಕೆ ಒಂದು ಸಿಕ್ಕಿತ್ತು. ಐದರ ಲೆಕ್ಕ ಮಾತ್ರ ಏನು ಮಾಡಿದರೂ ಬಗ್ಗಲಿಲ್ಲ. ಒಂದೊಂದೇ ಸಂಖ್ಯೆ ಹಾಕಿ, ಬಂದದ್ದನ್ನು ಮರಳಿನ ಮೇಲೆ ಗುರುತಿಸಿ ಗೆರೆ ಎಳೆದು ನೋಡಿದ. ಗೆರೆ ಬಾಗಿ ಬಾಗಿ ಕೆಳಗಿಳಿದು, ಸೊನ್ನೆಯ ಗೆರೆಗೆ ಇನ್ನೊಂದೇ ಮೆಟ್ಟಿಲಿದೆ ಎನ್ನುವಾಗ ತಿರುಗಿ ಮೇಲಕ್ಕೆ ಹೋಯಿತು. ಅವನಿಗೆ ಅಳು ಬಂತು. ಈ ವಿದ್ಯೆ ತನಗೆ ಹತ್ತುವಂಥದ್ದಲ್ಲ, ಊರಿಗೆ ಹೋಗಿಬಿಡುತ್ತೇನೆ ಎಂದು ಗಂಟು ಕಟ್ಟಿಟ್ಟೇ ಬಂದಿದ್ದ.

ಗುರುಗಳು ಮರಳನ್ನು ನೋಡಿದರು. ಕೂತುಕೋ ಎಂದು ಕತೆ ಹೇಳಿದರು.

ಹೊಳೆ ದಂಡೆಯ ಒಂದು ಊರಿನಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ. ಮಳೆ ಹಿಡಿದು ಹೊಳೆ ತುಂಬಿದಾಗ ಎರಡು ದಡಕ್ಕೂ ಕಂಬ ನೆಟ್ಟು ಹಗ್ಗದ ಸೇತುವೆ ಕಟ್ಟುವುದು ಅವನ ಪಾಲಿನ ಕೆಲಸ. ಆ ಊರಿಗೊಂದು ಕಟ್ಟಳೆಯಿತ್ತು. ಹಗ್ಗದ ಹೊಟ್ಟೆ ನೀರನ್ನು ಮುಟ್ಟಲೇಬೇಕು. ಗಂಗಮ್ಮನನ್ನು ಮುಟ್ಟದೆ ಅವಳ ತಲೆಯ ಮೇಲೆ ಹಾದುಹೋಗುವುದು ಸೊಕ್ಕು ಎಂದು ಹಿರಿಯರು ಹೇಳಿಟ್ಟಿದ್ದರು. ಹೇಳಿದ ಹಿರಿಯರೇನೋ ಹೋದರು, ಕಟ್ಟಳೆ ಹಗ್ಗ ಹೊಸೆಯುವವನ ತಲೆಗೆ ಉಳಿಯಿತು.

ಒಂದು ವರ್ಷ ಅವನು ಕಟ್ಟಿದ ಸೇತುವೆ ಒಂದು ಕಡೆ ನೀರಿಗಿಳಿದು ಇನ್ನೊಂದು ಕಡೆ ಎದ್ದಿತು. ಸೆಳವು ನಡುವಿನ ಭಾಗವನ್ನು ಜಗ್ಗಿ ಜಗ್ಗಿ ಹರಿದುಹಾಕಿತು. ತಿಂಗಳುಗಟ್ಟಲೆ ಹೊಸೆದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಹಗ್ಗವನ್ನು ಬಿಗಿ ಮಾಡಿದರೆ ಕಂಬವೇ ಕಿತ್ತುಬರುತ್ತಿತ್ತು. ಹಾಗಾಗಿ ಮರುವರ್ಷ ಬಾಗು ಇದ್ದ ಹಾಗೇ ಇರಲಿ ಎಂದು ಕಂಬವನ್ನೇ ಎತ್ತರಿಸಿದ. ಈಗ ಹಗ್ಗ ನಟ್ಟನಡುವೆ ಒಂದೇ ಕಡೆ ನೀರಿಗೆ ತಾಕಿತು. ಕಟ್ಟಳೆಯೂ ಉಳಿಯಿತು, ಸೇತುವೆಯೂ ಉಳಿಯಿತು ಎಂದು ಊರೆಲ್ಲ ಹೊಗಳಿತು. ಆಮೇಲೆ ತೇಲಿಬಂದ ಮರದ ದಿಮ್ಮಿಯೊಂದು ಸರಿಯಾಗಿ ಆ ಜಾಗಕ್ಕೇ ಸಿಕ್ಕಿಕೊಂಡು ಸೇತುವೆಯನ್ನು ಎಳೆದೊಯ್ದಿತು. ಆಗ ಅವನ ತಮ್ಮ ಅದರ ಮೇಲಿದ್ದ.

ಮುಂದಿನ ಮಳೆಗಾಲಕ್ಕೆ ಅವನು ಯಾರನ್ನೂ ಕೇಳಲಿಲ್ಲ. ಕಂಬವನ್ನು ಇನ್ನೂ ಎತ್ತರಿಸಿದ. ಅದೇ ಹಗ್ಗ, ಅದೇ ಬಾಗು. ಆದರೆ ನೀರನ್ನು ಎಲ್ಲೂ ಮುಟ್ಟಲಿಲ್ಲ. ಊರ ಗೌಡ ಬಂದು ನೋಡಿ ಕೆರಳಿದ.

“ಇದೆಂಥ ಹಗ್ಗವೋ? ಗಂಗಮ್ಮನಿಗೇ ಸೆಡ್ಡು ಹೊಡೀತೀಯಾ?”

“ಮುಟ್ಟಿಸಿ ಮುಟ್ಟಿಸಿ ಸಾಕಾಗಿದೆ ಗೌಡ್ರೇ. ಅವಳಿಗೆ ಕೊಡೋಕೆ ನನ್ನ ಹತ್ರ ಇನ್ನೊಬ್ಬ ತಮ್ಮ ಇಲ್ಲ.”

ಅದರ ಮೇಲೆ ಯಾರೂ ಕಾಲಿಡಬಾರದು ಎಂದು ಗೌಡ ಡಂಗುರ ಸಾರಿಸಿದ. ಯಾರೂ ಇಡಲಿಲ್ಲ. ಸೇತುವೆ ಬರಿದೇ ತೂಗುತ್ತಿತ್ತು. ಹಗ್ಗ ಹೊಸೆಯುವವನು ಅದನ್ನು ಬಿಚ್ಚಲೂ ಇಲ್ಲ, ಯಾರನ್ನೂ ಕರೆಯಲೂ ಇಲ್ಲ. ಅವನಿಗೆ ವಾದ ಮಾಡುವ ತ್ರಾಣವೇ ಇರಲಿಲ್ಲ.

ಹೊಳೆ ಉಕ್ಕಿದ ದಿನ ಗೌಡನ ಸೊಸೆಗೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿತ್ತು. ಮುದುಕಿ ಸೂಲಗಿತ್ತಿ ಇದ್ದದ್ದು ಆಚೆ ದಡದಲ್ಲಿ. ಆ ನೀರಿಗೆ ದೋಣಿ ಇಳಿಸುವ ಗಂಡಸು ಎರಡೂ ಊರಿನಲ್ಲಿರಲಿಲ್ಲ. ದಂಡೆಯಲ್ಲಿ ನಿಂತ ಗೌಡ ಕಟ್ಟಳೆಯನ್ನೆಲ್ಲ ನುಂಗಿಕೊಂಡು, ಸೇತುವೆಯ ಮೇಲೇ ಬಾ ಎಂದು ಎರಡೂ ಕೈಯೆತ್ತಿ ಕರೆದ. ಮುದುಕಿ ಸೀರೆ ಎತ್ತಿಕಟ್ಟಿ ಹಗ್ಗದ ಮೇಲೆ ನಡೆದು ಬಂದಳು. ಹೊಳೆ ಅವಳ ಕಾಲ ಕೆಳಗೇ ಹರಿದುಹೋಯಿತು. ತಾಯಿ ಮಗು ಇಬ್ಬರೂ ಉಳಿದರು. ಹಗ್ಗ ಹೊಸೆಯುವವನು ಮಾತ್ರ ಹಿಗ್ಗಲಿಲ್ಲ. ಕಂಬಕ್ಕೆ ಒರಗಿ ಕೂತು ತಮ್ಮನನ್ನು ನೆನೆದು ಅತ್ತ.

ಕತೆ ಮುಗಿಯಿತು. ಬಸವಂತ ಮರಳಿನ ಮೇಲಿನ ಗೆರೆಯನ್ನೇ ನೋಡುತ್ತಿದ್ದ. ಆ ಕೊನೆಯ ಹಗ್ಗ ನೀರನ್ನು ಎಲ್ಲಿ ಮುಟ್ಟಿತು ಎಂದು ಗುರುಗಳು ಕೇಳಿದರು. ಎಲ್ಲೂ ಮುಟ್ಟಲಿಲ್ಲ ಎಂದು ಅವನು ಮೆಲ್ಲಗೆ ಹೇಳಿದ.

“ಆ ಮುದುಕಿ ನಡೆದು ಬಂದದ್ದು ಆ ಉತ್ತರದ ಮೇಲೆಯೇ” ಎಂದರು ಗುರುಗಳು.