ಮಂಜಿನಲ್ಲಿ ಕಂಡ ಕೊಕ್ಕು

ಹೊಳೆ ಕಡಲು ಸೇರುವಲ್ಲಿ ಒಂದು ಆಶ್ರಮ. ಒಬ್ಬರು ಗುರುಗಳು. ಇಬ್ಬರೇ ಶಿಷ್ಯರು, ಹಮ್ಮಣ್ಣ ಮತ್ತು ಬೀರಣ್ಣ. ಮೂವರಿಗೂ ಒಂದೇ ಕಾವಿ.

ಅಲ್ಲೊಂದು ಕಟ್ಟಳೆ. ಮೀನು ತಿಂದವನು, ಪರಹೆಣ್ಣಿನ ಹೊಸ್ತಿಲು ದಾಟಿದವನು ಯಾರೇ ಆಗಲಿ, ಅವನ ಚೊಂಬನ್ನು ಬಾಗಿಲಲ್ಲಿ ಕವುಚಿಡುವುದು. ಕವುಚಿತೋ, ಅವನು ಮೊದಲ ದೋಣಿಗೆ ಹೊರಡಬೇಕು. ಮಾತಿಲ್ಲ, ಕತೆಯಿಲ್ಲ.

ಒಂದು ಬೆಳಗ್ಗೆ ಹಮ್ಮಣ್ಣ ಓಡಿ ಬಂದ. ಬಾಯ್ತುಂಬ ಸುದ್ದಿ ಇಟ್ಟುಕೊಂಡವನಿಗೆ ಉಸಿರಾಡಲು ಜಾಗವೆಲ್ಲಿ!

“ಗುರುಗಳೇ, ಬೀರಣ್ಣ ಕೆಟ್ಟ. ಮೀನು ಮಾರುವ ಮಾದೇವಿಯ ಮನೆ ಹೊಕ್ಕ. ಗಂಡ ಸತ್ತವಳು, ಒಂಟಿ ಹೆಂಗಸು! ಒಲೆಯ ಮೇಲೆ ಸಾರು ಕುದಿಯುವ ವಾಸನೆ. ಒಳಗಿಂದ ನಗು ಬೇರೆ!”

“ನೋಡಿದೆಯಾ?”

“ಈ ಎರಡು ಕಣ್ಣಿಂದ. ಮಂಜಿತ್ತು, ಆದರೂ ಕಾವಿ ಕಂಡಿತು. ಅವನ ಚೊಂಬು ಕವುಚಿಟ್ಟೇ ಬಂದೆ.”

ಗುರುಗಳು ಅವನನ್ನು ಮರಳದಂಡೆಗೆ ಕರೆದೊಯ್ದರು.

ಮಂಜು ಇನ್ನೂ ಕರಗಿರಲಿಲ್ಲ. ನೀರು ಯಾವುದು, ಬಾನು ಯಾವುದು ತಿಳಿಯದು. ನಡುವೆ ಕಡಲಹಕ್ಕಿಗಳು ಕನಸಿನಲ್ಲಿ ಕಂಡ ಹಾಗೆ ಕೂತಿದ್ದವು. ಬೂದು ಬೆನ್ನು, ಕರಿ ಜುಟ್ಟು.

“ಎಷ್ಟು ಜಾತಿ?”

“ಎರಡು. ಹಳದಿ ಕೊಕ್ಕಿನದು ದೊಡ್ಡದು. ಕಿತ್ತಳೆ ಕೊಕ್ಕಿನದು ತುಸು ಚಿಕ್ಕದು. ಅಷ್ಟೂ ತಿಳಿಯದೇ?”

“ಅಂಚಿನಲ್ಲಿ ಒಂದೇ ಕೂತಿದೆಯಲ್ಲ, ಅದು?”

“ಹಳದಿ ಕೊಕ್ಕಿನದು. ಸಂಶಯವೇ ಬೇಡ.”

“ಹೋಗಿ ನೋಡಿ ಬಾ.”

ಹಮ್ಮಣ್ಣ ಮೊಣಕಾಲುದ್ದ ನೀರಲ್ಲಿ ನಡೆದ. ಹಕ್ಕಿ ತಲೆ ತಿರುಗಿಸಿತು. ಕೊಕ್ಕು ಕಿತ್ತಳೆ, ಊದಿದ ಕೆಂಡದ ಹಾಗೆ. ಅವನನ್ನೊಮ್ಮೆ ನೋಡಿ, ಮಂಜಿನೊಳಗೆ ಹಾರಿಹೋಯಿತು.

ಅವನು ಮೆಲ್ಲಗೆ ಮರಳಿದ.

“ಕಿತ್ತಳೆ, ಗುರುಗಳೇ.”

“ಹಳದಿ ಅಂದೆಯಲ್ಲ?”

“ಬೆನ್ನಷ್ಟೇ ಕಂಡಿದ್ದು. ಮಂಜಿಗೆ ದೊಡ್ಡದಾಗಿ ಕಾಣಿಸಿತು.”

“ಮಾದೇವಿಯ ಮನೆ ಹೊಕ್ಕವನ ಮುಖ ಕಂಡಿತೇ?”

ಅಷ್ಟರಲ್ಲಿ ಮೊದಲ ದೋಣಿಯವನ ಕೂಗು ಕೇಳಿತು.

ಹಮ್ಮಣ್ಣ ಎದ್ದೆನೋ ಬಿದ್ದೆನೋ ಅಂತ ಓಡಿದ. ಬೀರಣ್ಣ ಗಂಟು ಹೊತ್ತು, ಕಣ್ಣೊರೆಸಿಕೊಳ್ಳುತ್ತ, ದೋಣಿಗೆ ಕಾಲಿಟ್ಟಿದ್ದ. ಪಾಪದ ಪ್ರಾಣಿ, ಯಾವ ತಪ್ಪಿಗೆ ಅಂತಲೂ ಕೇಳಿರಲಿಲ್ಲ. ಹಮ್ಮಣ್ಣ ಅವನ ಕೈ ಹಿಡಿದು ದಡಕ್ಕೆಳೆದ. ಕಾಲು ಮುಟ್ಟಿ ತಪ್ಪಾಯಿತೆಂದ. ಚೊಂಬನ್ನು ಎತ್ತಿ ನೆಟ್ಟಗಿಟ್ಟ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತುರಿಸುವ ನಾಲಿಗೆ ಸುಮ್ಮನಿರುತ್ತದೆಯೇ? ಮತ್ತೆ ಗುರುಗಳ ಬಳಿ ಬಂದ.

“ಬೀರಣ್ಣ ಅಲ್ಲ, ಸರಿ. ಹಾಗಾದರೆ ಹೊಕ್ಕವರು ಯಾರು, ಗುರುಗಳೇ?”

ಗುರುಗಳು ಗಡ್ಡದೊಳಗಿಂದ ಒಂದು ಮೀನಿನ ಮುಳ್ಳು ಹುಡುಕಿ ತೆಗೆದು, ನೀರಿಗೆ ಬಿಟ್ಟರು.

“ಸಾರಿಗೆ ಹುಳಿ ತುಸು ಹೆಚ್ಚಾಗಿತ್ತು. ಹೋಗು, ನನ್ನ ಚೊಂಬು ಕವುಚಿಡು.”